ಧಾರವಾಡ ಶಿಲಾಪಟ್ಟಿಯ ಬೆಳ್ಳಿ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪ್ರಾಚೀನ ಶಿಲೆಗಳಲ್ಲಿ ಬೆಳ್ಳಿ ಸ್ವತಂತ್ರವಾಗಿ ಸಿಗುವುದಿಲ್ಲ. ಚಿನ್ನದ ಕಣಗಳೊಳಗೆ ಬೆರೆತು ಅಥವಾ ಗಂಧಕದ ಖನಿಜಗಳಲ್ಲಿ ಅಡಗಿ ಅಲ್ಪ ಪ್ರಮಾಣದಲ್ಲಿ ಸಿಗುತ್ತದೆ. ಇಂಥ ನೆಲೆಗಳನ್ನು ಭೂವಿಜ್ಞಾನಿಗಳು ಗಣಿ ಎನ್ನುವುದಿಲ್ಲ, ನಿಕ್ಷೇಪ ಎಂದೂ ಕರೆಯುವುದಿಲ್ಲ. ಖನಿಜದ ಕುರುಹು ಎಂಬಲ್ಲಿಗೆ ನಿಲ್ಲುತ್ತಾರೆ. ಈ ಕುರುಹುಗಳ ಶೋಧನೆಯ ಇತಿಹಾಸವೆಂದರೆ ಸುಮಾರು 2 ಶತಮಾನಗಳ ಚಿನ್ನದ ಹುಡುಕಾಟವೇ. ಬೆಳ್ಳಿಗೆಂದೇ ಈ ಸೀಮೆಯಲ್ಲಿ ಯಾವ ಕಂಪನಿಯೂ ಹೆಸರು ಮಾಡಲಿಲ್ಲ. ಚಿನ್ನವನ್ನು ಕರಗಿಸಿ ತೂಗುವಾಗ ಕಳೆದುಹೋದ ಭಾಗವಾಗಿಯೇ ಅದು ಲೆಕ್ಕಕ್ಕೆ ಬಂದಿತು.

ಶಿಲೆಗಳ ನೆಲೆ

ಜಗತ್ತಿನ ಭೂವಿಜ್ಞಾನ ಗ್ರಂಥಗಳಲ್ಲಿ ಧಾರವಾಡದ ಹೆಸರು ಮತ್ತೆ ಮತ್ತೆ ಬರುತ್ತದೆ. ಪೇಡೆಯಿಂದಲೂ ಸಂಗೀತದಿಂದಲೂ ಪ್ರಸಿದ್ಧವಾದ ಊರು ದಕ್ಷಿಣ ಭಾರತದ ಅತಿ ಹಳೆಯ ಭೂಖಂಡದ ತುಣುಕಿಗೂ ಹೆಸರು ಕೊಟ್ಟಿದೆಯೆಂಬುದು ಊರಿನವರಲ್ಲೇ ಹಲವರಿಗೆ ತಿಳಿದಂತಿಲ್ಲ. ಈ ತುಣುಕಿನ ಬಹುಭಾಗ ನೈಸ್ ಶಿಲೆಯಿಂದಾಗಿದೆ. ಅದರಲ್ಲಿ ಕೆಲವು ಭಾಗ 300 ಕೋಟಿ ವರ್ಷಗಳಿಗಿಂತ ಹಳೆಯದು. ಆ ತಳಹದಿಯ ಮೇಲೆ ಸಮುದ್ರದಡಿಯ ಲಾವಾ, ಮರಳು, ಕೆಸರು, ಕಬ್ಬಿಣದ ಪದರುಗಳು ಶೇಖರವಾಗಿ, ಮಡಚಿ, ಬೆಂದು ಷಿಸ್ಟ್ ಪಟ್ಟಿಗಳಾದವು. ಇವನ್ನು ಒಟ್ಟಾಗಿ ಧಾರವಾಡ ಮಹಾಸಮೂಹ ಎನ್ನುತ್ತಾರೆ. ಕೆಳಗಿನದು ಬಾಬಾಬುಡನ್ ಸಮೂಹ, ಮೇಲಿನದು ಚಿತ್ರದುರ್ಗ ಸಮೂಹ. ಇಂದು ಬಳಕೆಯಲ್ಲಿರುವ ಈ ವಿಂಗಡಣೆಯನ್ನು ಜೆ. ಸ್ವಾಮಿನಾಥ್, ಎಂ. ರಾಮಕೃಷ್ಣನ್ ಮೊದಲಾದವರು 1970ರ ದಶಕದಿಂದ 1981ರವರೆಗೆ ರೂಪಿಸಿದರು.

ಧಾರವಾಡ ಸೀಮೆಗೆ ಸಂಬಂಧಪಟ್ಟಂತೆ ಎರಡು ಪಟ್ಟಿಗಳು ಮುಖ್ಯ. ಪಶ್ಚಿಮದ್ದು ಶಿವಮೊಗ್ಗ ಪಟ್ಟಿ. ಅದರ ಉತ್ತರ ಭಾಗ ಹಾವೇರಿ, ಹುಬ್ಬಳ್ಳಿ, ಧಾರವಾಡಗಳನ್ನು ಹಾದು ಸಾಗುತ್ತದೆ. ಇಲ್ಲಿ ಹೆಚ್ಚಾಗಿ ಕಾಣುವುದು ಗ್ರೇವ್ಯಾಕ್ ಎಂಬ ಒರಟು ಮರಳುಶಿಲೆ ಮತ್ತು ಅದರೊಡನೆ ಬರುವ ಜೇಡಿಶಿಲೆ. ನಡುನಡುವೆ ಕಬ್ಬಿಣಮಿಶ್ರಿತ ಚರ್ಟ್ ಪದರುಗಳು ಬೆಟ್ಟದ ಸಾಲುಗಳಾಗಿ ಎದ್ದು ನಿಲ್ಲುತ್ತವೆ. ಸುತ್ತಲ ಮೆತ್ತನೆಯ ಶಿಲೆ ಸವೆದು ಹೋದರೂ ಚರ್ಟ್ ಸವೆಯುವುದಿಲ್ಲ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಕಾಡು ಬೆಳೆದಿರುವುದೂ ಈ ಗ್ರೇವ್ಯಾಕ್ ಸೀಮೆಯಲ್ಲೇ. ಪೂರ್ವದ್ದು ಚಿತ್ರದುರ್ಗ ಪಟ್ಟಿ. ಅದರ ಉತ್ತರದ ತುದಿ ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಕಪ್ಪತಗುಡ್ಡ. ಇಲ್ಲಿ ಗ್ರೇವ್ಯಾಕ್ ಜೊತೆಗೆ ಹಳೆಯ ಲಾವಾ ಹಸಿರು ಕ್ಲೋರೈಟ್ ಷಿಸ್ಟ್ ಆಗಿ ಮಾರ್ಪಟ್ಟು ದಟ್ಟವಾಗಿದೆ. ಪಟ್ಟಿಯ ಪೂರ್ವದ ಅಂಚಿನುದ್ದಕ್ಕೂ ಶಿಲೆಗಳು ಒಂದಕ್ಕೊಂದು ಉಜ್ಜಿ ಸರಿದ ದೊಡ್ಡ ಷಿಯರ್ ವಲಯವೊಂದು ಹಾದುಹೋಗುತ್ತದೆ. ಧಾರವಾಡ ಭೂಖಂಡವನ್ನು ಪೂರ್ವ, ಪಶ್ಚಿಮ ಎಂದು ಒಡೆಯುವ ಗೆರೆ ಇದೇ.

ಶೋಧನೆಯ ಮಟ್ಟಿಗೆ ಶಿಲೆಯಷ್ಟೇ ಮುಖ್ಯವಾದದ್ದು ಅದನ್ನು ಮುಚ್ಚಿರುವ ಮಣ್ಣು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆ ದಪ್ಪ ಎರಿ ಭೂಮಿ ಮೈಲುಗಟ್ಟಲೆ ಹಬ್ಬಿದೆ. ಬೆಣ್ಣೆಹಳ್ಳದ ದಂಡೆಯಲ್ಲೋ ಬಾವಿ ತೋಡಿದಲ್ಲೋ ಮಾತ್ರ ಕಲ್ಲು ಮುಖ ತೋರಿಸುತ್ತದೆ. ಗದಗಿನ ದಕ್ಷಿಣಕ್ಕೆ ಮಸಾರಿ ನೆಲದಲ್ಲಿ ಶಿಲೆ ಮೇಲೆಯೇ ಕಾಣುತ್ತದೆ. ಕಲಘಟಗಿಯ ಕಡೆ ಮಳೆ ಹೆಚ್ಚು. ಅಲ್ಲಿ ಕಲ್ಲು ಕೊಳೆತು ಜಂಬಿಟ್ಟಿಗೆ ಮಣ್ಣಾಗಿದೆ, ಅದರ ಮೇಲೆ ಕಾಡು. ಹಳೆಯ ಶೋಧಕರೆಲ್ಲ ಕಪ್ಪತಗುಡ್ಡಕ್ಕೇ ಹೋದದ್ದಕ್ಕೆ ಅಲ್ಲಿ ಚಿನ್ನವಿದ್ದದ್ದು ಒಂದು ಕಾರಣವಾದರೆ, ಕಲ್ಲು ಕಣ್ಣಿಗೆ ಕಾಣುತ್ತಿದ್ದದ್ದು ಇನ್ನೊಂದು.

ಚಿನ್ನವಿದ್ದಲ್ಲಿ ಬೆಳ್ಳಿ ಏಕೆ ಕಡಿಮೆ

ಭೂಮಿಯ ತೊಗಟೆಯ ಸರಾಸರಿ ಲೆಕ್ಕದಲ್ಲಿ ಬೆಳ್ಳಿ ಚಿನ್ನಕ್ಕಿಂತ ಸುಮಾರು 20 ಪಟ್ಟು ಹೆಚ್ಚು. ಒಂದು ಟನ್ ಸಾಧಾರಣ ಶಿಲೆಯಲ್ಲಿ ಬೆಳ್ಳಿ 0.07 ಗ್ರಾಮಿನ ಆಸುಪಾಸಿನಲ್ಲಿದ್ದರೆ ಚಿನ್ನ 0.004 ಗ್ರಾಮಿನ ಆಸುಪಾಸು. ಧಾರವಾಡ ಪಟ್ಟಿಗಳ ಅದಿರಿನಲ್ಲಿ ಈ ಅನುಪಾತ ತಲೆಕೆಳಗಾಗುತ್ತದೆ. ಇಂಥ ಪಟ್ಟಿಗಳಲ್ಲಿ ಸಿಗುವ ಸಹಜ ಚಿನ್ನದಲ್ಲಿ ಸಾಮಾನ್ಯವಾಗಿ ಸಾವಿರ ಪಾಲಿಗೆ 900ರಷ್ಟು ಚಿನ್ನ, ಉಳಿದದ್ದರಲ್ಲಿ ಬಹುಪಾಲು ಬೆಳ್ಳಿ. ಎಲ್ಲೆಲ್ಲೂ ಹೆಚ್ಚಾಗಿರುವ ಲೋಹ ಇಲ್ಲಿ ಏಕೆ ಕಡಿಮೆಯಾಯಿತು ಎಂಬುದೇ ಈ ಸೀಮೆಯ ಬೆಳ್ಳಿಯ ಮುಖ್ಯ ಪ್ರಶ್ನೆ.

ಉತ್ತರವಿರುವುದು ಲೋಹವನ್ನು ಹೊತ್ತು ತಂದ ಬಿಸಿನೀರಿನಲ್ಲಿ. ಸುಮಾರು 250 ಕೋಟಿ ವರ್ಷಗಳ ಹಿಂದೆ, ಪಟ್ಟಿಗಳು ಮಡಚಿ ಒತ್ತಡಕ್ಕೆ ಸಿಕ್ಕಾಗ, ಆಳದ ಶಿಲೆಗಳಿಂದ ನೀರು, ಇಂಗಾಲದ ಡೈಆಕ್ಸೈಡು ಮತ್ತು ಹೈಡ್ರೊಜನ್ ಸಲ್ಫೈಡ್ ಹೊರಬಿದ್ದು ಷಿಯರ್ ವಲಯಗಳ ಬಿರುಕುಗಳಲ್ಲಿ ಮೇಲೇರಿದವು. ಈ ಬಿಸಿನೀರಿನ ಉಷ್ಣತೆ ಸುಮಾರು 250ರಿಂದ 400 ಡಿಗ್ರಿ ಸೆಲ್ಸಿಯಸ್. ಈ ನೀರಿನಲ್ಲಿ ಉಪ್ಪು ಬಹಳ ಕಡಿಮೆ. ಚಿನ್ನ ಗಂಧಕದ ಜೊತೆ ಕೂಡಿ ಇಂಥ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬೆಳ್ಳಿ, ಸೀಸ, ಸತು ಹೇರಳವಾಗಿ ಕರಗಿ ಸಾಗಬೇಕಾದರೆ ಕ್ಲೋರೈಡ್ ಬೇಕು, ಅಂದರೆ ಉಪ್ಪುನೀರೇ ಬೇಕು. ಆದ್ದರಿಂದ ಸಪ್ಪೆ ಬಿಸಿನೀರು ಚಿನ್ನವನ್ನು ತಂದು ಬೆಳ್ಳಿಯನ್ನು ಬಹುಮಟ್ಟಿಗೆ ಆಳದಲ್ಲೇ ಬಿಟ್ಟಿತು. ನೀರು ಕಬ್ಬಿಣ ಹೆಚ್ಚಿರುವ ಶಿಲೆಯನ್ನು ತಾಕಿದಾಗ ಗಂಧಕ ಕಬ್ಬಿಣದೊಡನೆ ಸೇರಿ ಪೈರೈಟ್, ಆರ್ಸೆನೊಪೈರೈಟ್ ಆಯಿತು. ಒಯ್ಯುವ ಗಂಧಕ ಕೈಬಿಟ್ಟಮೇಲೆ ಚಿನ್ನ ಅಲ್ಲೇ ಇಳಿಯಿತು. ಕಬ್ಬಿಣದ ಚರ್ಟ್ ಪದರುಗಳಲ್ಲೂ ಹಸಿರು ಷಿಸ್ಟಿನ ಬೆಣಚುಕಲ್ಲಿನ ಎಳೆಗಳಲ್ಲೂ ಚಿನ್ನ ಸಿಗುವುದಕ್ಕೆ ಇದೇ ಕಾರಣ.

ಬಂದಷ್ಟು ಬೆಳ್ಳಿ ಚಿನ್ನದೊಳಗೇ ಸೇರಿಕೊಂಡಿತು. ಎರಡು ಲೋಹಗಳ ಪರಮಾಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ. ಹೀಗಾಗಿ ಯಾವ ಪ್ರಮಾಣದಲ್ಲಾದರೂ ಒಂದರೊಳಗೊಂದು ಬೆರೆಯಬಲ್ಲವು. ಬೆಳ್ಳಿಯ ಪಾಲು ಶೇಕಡ 20 ದಾಟಿ ಬಣ್ಣ ಬಿಳುಪಾದ ಮಿಶ್ರಣಕ್ಕೆ ಎಲೆಕ್ಟ್ರಮ್ ಎಂದು ಹೆಸರು. ಸ್ವಲ್ಪ ಬೆಳ್ಳಿ ಸೀಸದ ಅದಿರಾದ ಗೆಲೀನದಲ್ಲೂ ತಾಮ್ರ, ಆಂಟಿಮನಿ ಇರುವ ಗಂಧಕದ ಖನಿಜಗಳಲ್ಲೂ ಅಡಗುತ್ತದೆ. ಆದರೆ ಚಿನ್ನದ ಎಳೆಗಳಲ್ಲಿ ಗೆಲೀನವೇ ಅಪರೂಪ.

ಹೊಳೆಯ ಮರಳಿನಲ್ಲಿ ಸಿಗುವ ಚಿನ್ನದಲ್ಲಿ ಬೆಳ್ಳಿಯ ಪಾಲು ಇನ್ನೂ ಕಡಿಮೆ. ಕಣ ನೀರಿನಲ್ಲಿ ಉರುಳುತ್ತ ವರ್ಷಾನುವರ್ಷ ಇದ್ದಾಗ ಅದರ ಹೊರಮೈಯ ಬೆಳ್ಳಿ ಕರಗಿಹೋಗಿ ಸುತ್ತಲೂ ಶುದ್ಧ ಚಿನ್ನದ ತೆಳುವಾದ ಅಂಚು ಉಳಿಯುತ್ತದೆ. ಜಂಬಿಟ್ಟಿಗೆ ನೆಲದಲ್ಲೂ ಇದೇ ಕತೆ. ಮಳೆನೀರಿನ ಆಮ್ಲ ಬೆಳ್ಳಿಯನ್ನು ಕರಗಿಸಿ ಕೆಳಕ್ಕೆ ಒಯ್ಯುತ್ತದೆ, ಚಿನ್ನ ಅಲುಗಾಡುವುದು ಕಡಿಮೆ. ಕಲಘಟಗಿಯಂಥ ಮಳೆ ಸೀಮೆಯಲ್ಲಿ ಮೇಲ್ಮಣ್ಣಿನ ಮಾದರಿಯಲ್ಲಿ ಬೆಳ್ಳಿ ಸಿಗಲಿಲ್ಲವೆಂದಮಾತ್ರಕ್ಕೆ ಕೆಳಗಿನ ಗಟ್ಟಿ ಶಿಲೆಯಲ್ಲೂ ಇಲ್ಲವೆಂದು ತೀರ್ಮಾನಿಸಲಾಗದು.

ಜಲಗಾರರು ಮತ್ತು ಸಾಹೇಬರು

ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳಲ್ಲಿ ಚಿನ್ನವಿದೆಯೆಂಬುದನ್ನು ಯಾವ ಸಾಹೇಬನೂ ಕಂಡುಹಿಡಿಯಲಿಲ್ಲ. ಡೋಣಿ, ಸೊರಟೂರು, ಹರ್ತಿಯ ಹಳ್ಳಗಳಲ್ಲಿ ಮಳೆಗಾಲದ ನೆರೆ ಇಳಿದಮೇಲೆ ಮರಳು ತೊಳೆದು ಚಿನ್ನದ ಹುಡಿ ತೆಗೆಯುವ ಜಲಗಾರರು ಅವರಿಗಿಂತ ಮೊದಲೇ ಇದ್ದರು. ಉಳಿದ ಕಾಲದಲ್ಲಿ ಪತ್ತಾರರ ಅಂಗಡಿಯ ಕಸ, ಬೂದಿಯನ್ನು ಕೊಂಡು ತೊಳೆಯುವುದೂ ಇವರ ಕಸುಬು. ಬೆಳ್ಳಿಯ ಮಟ್ಟಿಗೆ ಪತ್ತಾರರ ಕಸ ಹಳ್ಳಕ್ಕಿಂತ ಒಳ್ಳೆಯ ಗಣಿಯಾಗಿತ್ತೆನ್ನಬಹುದು. ಮುಂದೆ ಬಂದ ವರದಿಗಳಲ್ಲಿ ಯಾವ ಹಳ್ಳದಲ್ಲಿ ಚಿನ್ನ ಹೆಚ್ಚು ಎಂಬ ಮಾಹಿತಿಯ ಮೂಲ ಬಹುಮಟ್ಟಿಗೆ ಇವರೇ. ಅವರಲ್ಲಿ ಒಬ್ಬರ ಹೆಸರೂ ಶೋಧನೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗದಿದ್ದುದು ನ್ಯಾಯವಲ್ಲ.

ಬರೆದಿಟ್ಟ ವಿವರಣೆ ಆರಂಭವಾಗುವುದು ವೈದ್ಯ ಅಲೆಕ್ಸಾಂಡರ್ ಟರ್ನ್‌ಬುಲ್ ಕ್ರಿಸ್ಟಿಯಿಂದ. 1820ರ ದಶಕದ ಕೊನೆಯಲ್ಲಿ, ಧಾರವಾಡವೂ ಸೇರಿದ್ದ ದಕ್ಷಿಣ ಮರಾಠಾ ಸೀಮೆಯ ಹವೆ, ಬೇಸಾಯ, ಶಿಲೆಗಳ ಕುರಿತು ಎಡಿನ್‌ಬರೋದ ಪತ್ರಿಕೆಯಲ್ಲಿ ಈತ ಲೇಖನಮಾಲೆ ಪ್ರಕಟಿಸಿದ. 1840ರ ದಶಕದಲ್ಲಿ ಮದರಾಸು ಸೇನೆಯ ಕ್ಯಾಪ್ಟನ್ ನ್ಯೂಬೋಲ್ಡ್, ಮುಂದಿನ ದಶಕದಲ್ಲಿ ಬೊಂಬಾಯಿ ಫಿರಂಗಿ ದಳದ ಐಟನ್ ಈ ಸೀಮೆಯ ಶಿಲೆ ಹಾಗೂ ಚಿನ್ನದ ಬಗ್ಗೆ ಬರೆದರು. ಇವರೆಲ್ಲ ಬೇರೆ ನೌಕರಿಯ ನಡುವೆ ಬಿಡುವು ಮಾಡಿಕೊಂಡು ಕಲ್ಲು ನೋಡಿದವರು.

ವೃತ್ತಿಪರನಾಗಿ ಬಂದವನು ರಾಬರ್ಟ್ ಬ್ರೂಸ್ ಫೂಟ್ (1834-1912). 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ ಈತ 1863ರಲ್ಲಿ ಮದರಾಸಿನ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಪ್ರಸಿದ್ಧನಾದ. ಡಂಬಳ ಬೆಟ್ಟಗಳ, ಎಂದರೆ ಕಪ್ಪತಗುಡ್ಡದ, ಚಿನ್ನದ ಶಿಲೆಗಳ ಕುರಿತ ಈತನ ವರದಿ 1874ರಲ್ಲಿ ಪ್ರಕಟವಾಯಿತು. ಈತ ಮಾಡಿದ ಕೆಲಸ ಸರಳ, ಆದರೆ ಹಿಂದಿನವರು ಮಾಡದಿದ್ದದ್ದು. ಜಲಗಾರರಿಂದ ಮರಳು ತೊಳೆಸಿ, ಯಾವ ಹಳ್ಳದಲ್ಲಿ ಚಿನ್ನ ಬಂದರೆ ಆ ಹಳ್ಳ ಯಾವ ಶಿಲೆಯ ಮೇಲೆ ಹರಿದುಬಂದಿದೆ ಎಂದು ನೋಡಿದ. ಹೀಗೆ ಚಿನ್ನದ ಮೂಲ ಹಸಿರು ಷಿಸ್ಟಿನ ಪಟ್ಟಿಗೆ ಸೀಮಿತವಾಯಿತು. ಅತ್ತಿಕಟ್ಟಿಯ ಬಳಿಯ ಬೆಣಚುಕಲ್ಲಿನ ಎಳೆಯನ್ನೂ ಈತ ಪರಿಶೀಲಿಸಿದ. ಇಡೀ ದಕ್ಷಿಣ ಮರಾಠಾ ಸೀಮೆಯ ಭೂವಿಜ್ಞಾನವನ್ನು ಒಳಗೊಂಡ ಈತನ ದೊಡ್ಡ ಗ್ರಂಥ 1876ರಲ್ಲಿ ಹೊರಬಂತು. 1888ರಲ್ಲಿ ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಒಂದೇ ಬಗೆಯ ಶಿಲಾಪಟ್ಟಿಗಳಲ್ಲಿದೆ ಎಂದು ವಾದಿಸಿ ಅವಕ್ಕೆ ಧಾರವಾಡ ವ್ಯವಸ್ಥೆ ಎಂದು ಹೆಸರಿಟ್ಟ. ಕೋಲಾರದಲ್ಲಿ ಚಾಂಪಿಯನ್ ಲೋಡ್ ಎಂಬ ಎಳೆ ಆಗಷ್ಟೇ ಚಿನ್ನ ಕೊಡತೊಡಗಿತ್ತು. ಅದಕ್ಕೆ ಸ್ವಲ್ಪ ಮೊದಲು ವಯನಾಡಿನಲ್ಲಿ ಲಂಡನ್ನಿನ ಹಣ ನೀರಿನಂತೆ ಹರಿದು ಮುಳುಗಿತ್ತು. ಎಲ್ಲಿ ಅಗೆಯಬೇಕು ಎಂಬುದಕ್ಕೆ ಒಂದು ಸೂತ್ರ ಸಿಕ್ಕಿದ್ದು ಫೂಟ್‌ನ ಈ ಹೆಸರಿನಿಂದ. ಬೆಳ್ಳಿಗೆ ಅಂಥ ಸೂತ್ರ ಯಾರೂ ಬರೆಯಲಿಲ್ಲ.

20ನೇ ಶತಮಾನದ ಮೊದಲ ದಶಕ ಗದಗ ಚಿನ್ನದ ಸೀಮೆಯ ಗಲಾಟೆಯ ಕಾಲ. ಹೊಸೂರು, ಕಬುಲಾಯತಕಟ್ಟಿ, ಅತ್ತಿಕಟ್ಟಿ, ನಾಗಾವಿ ಮೊದಲಾದೆಡೆ ಕಂಪನಿಗಳು ಬಾವಿ ಇಳಿಸಿದವು. ಅಲ್ಲಿನ ಸಾಂಗ್ಲಿ ಎಂಬ ಗಣಿಯ ಹೆಸರಿನಲ್ಲೇ ಆ ಕಾಲದ ರಾಜಕೀಯ ನಕ್ಷೆ ಉಳಿದಿದೆ. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಪಕ್ಕದ ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು. ಒಂದೇ ಎಳೆಯನ್ನು ಬೆನ್ನಟ್ಟಿದವನು ಎರಡು ಸರ್ಕಾರಗಳ ಅಪ್ಪಣೆ ಪಡೆಯಬೇಕಾಗುತ್ತಿತ್ತು. ಭೂವಿಜ್ಞಾನಿ ಮಾಲ್ಕಮ್ ಮ್ಯಾಕ್ಲಾರೆನ್ 1906ರಲ್ಲಿ ದಕ್ಷಿಣ ಭಾರತದ ಚಿನ್ನದ ಪ್ರದೇಶಗಳ ಕುರಿತು ಸರ್ವೇಕ್ಷಣೆಗೆ ಬರೆದ ಟಿಪ್ಪಣಿ ಈ ಕಾಲದ್ದು. ಎರಡು ವರ್ಷಗಳ ನಂತರ ಈತ ಜಗತ್ತಿನ ಚಿನ್ನದ ನಿಕ್ಷೇಪಗಳ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಗದಗಿನ ಗಣಿಗಳು ಹೆಚ್ಚು ಕಾಲ ಬಾಳಲಿಲ್ಲ. 1911ರ ಹೊತ್ತಿಗೆ ಸದ್ದಡಗಿತ್ತು. ಎಳೆಗಳು ಸಣ್ಣವು, ಚಿನ್ನ ಒಂದೆಡೆ ಸಿಕ್ಕರೆ ಹತ್ತು ಮಾರು ಆಚೆ ಇಲ್ಲ. ಮೇಲಾಗಿ ಇಲ್ಲಿನ ಅದಿರಿನಲ್ಲಿ ಆರ್ಸೆನೊಪೈರೈಟ್ ಹೆಚ್ಚು. ಅದರೊಳಗೆ ಹುದುಗಿದ ನುಣ್ಣನೆಯ ಚಿನ್ನವೂ ಬೆಳ್ಳಿಯೂ ಪಾದರಸಕ್ಕಾಗಲಿ ಸಯನೈಡಿಗಾಗಲಿ ಸುಲಭವಾಗಿ ದಕ್ಕುವುದಿಲ್ಲ.

ಗಡಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಮೈಸೂರು ಸಂಸ್ಥಾನ 1894ರಲ್ಲೇ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ನಿವೃತ್ತನಾಗಿದ್ದ ಫೂಟ್‌ನನ್ನೇ ಅಲ್ಲಿಗೆ ಕರೆಸಿಕೊಂಡಿತು. ಆ ಇಲಾಖೆ ಚಿತ್ರದುರ್ಗ, ಶಿವಮೊಗ್ಗಗಳ ಪಟ್ಟಿಗಳನ್ನು ಊರೂರು ತಿರುಗಿ ನಕ್ಷೆ ಮಾಡಿತು. ಅದೇ ಪಟ್ಟಿಗಳು ಉತ್ತರಕ್ಕೆ ಬೊಂಬಾಯಿ ಪ್ರಾಂತ್ಯದೊಳಗೆ ಕಾಲಿಟ್ಟ ಕೂಡಲೇ ಆ ಬಗೆಯ ಕೆಲಸ ನಿಂತಿತು, ಏಕೆಂದರೆ ಕಲ್ಕತ್ತೆಯಿಂದ ಬರುವ ಸರ್ವೇಕ್ಷಣೆಯೊಂದೇ ಇಲ್ಲಿಗೆ ಗತಿ. ಕೋಲಾರದ ಶಿಲೆಯ ಬಗ್ಗೆ ಇರುವಷ್ಟು ಹಳೆಯ ಸಾಹಿತ್ಯ ಕಲಘಟಗಿ ಅಥವಾ ಕುಂದಗೋಳದ ಬಗ್ಗೆ ಇಲ್ಲದಿರುವುದಕ್ಕೆ ಭೂವಿಜ್ಞಾನಕ್ಕಿಂತ ಆಡಳಿತವೇ ದೊಡ್ಡ ಕಾರಣ. 1956ರಲ್ಲಿ ರಾಜ್ಯ ಒಂದಾದ ಮೇಲೆಯೇ ಎರಡು ಕಡೆಯ ನಕ್ಷೆಗಳು ಒಂದೇ ಮೇಜಿಗೆ ಬಂದವು.

ಏಕೀಕರಣದ ನಂತರ ಮೈಸೂರಿನ ಇಲಾಖೆಯ ಹಿರಿಯ ಬಿ. ಪಿ. ರಾಧಾಕೃಷ್ಣ (1918-2012) ಅವರ ಬರಹಗಳು ಈ ಸೀಮೆಯ ಚಿನ್ನಕ್ಕೆ ಮತ್ತೆ ಗಮನ ತಂದವು. ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪಕರಲ್ಲೊಬ್ಬರಾದ ಇವರು ಎಲ್. ಸಿ. ಕರ್ಟಿಸ್ ಜೊತೆಗೂಡಿ 1991ರಲ್ಲಿ ಭಾರತದ ಚಿನ್ನದ ಮೇಲೆ ತಂದ ಗ್ರಂಥದಲ್ಲಿ, ಕೈಬಿಟ್ಟ ಹಳೆಯ ಸಣ್ಣ ಗಣಿಗಳನ್ನು ಹೊಸ ಕಣ್ಣಿನಿಂದ ನೋಡಬೇಕೆಂಬ ಒತ್ತಾಯವಿದೆ.

ಅಗ್ನಿಪರೀಕ್ಷೆ

ಕಲ್ಲಿನಲ್ಲಿ ಬೆಳ್ಳಿ ಇದೆಯೇ ಎಂದು ತಿಳಿಯುವ ಹಳೆಯ ವಿಧಾನ ಇಂದೂ ಬಳಕೆಯಲ್ಲಿದೆ. ಕಲ್ಲಿನ ಪುಡಿಯನ್ನು ಸೀಸದ ಆಕ್ಸೈಡ್ ಮತ್ತು ಟಂಕಣದಂಥ ದ್ರಾವಕಗಳೊಡನೆ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿ ಇಳಿದ ಸೀಸ ಚಿನ್ನ, ಬೆಳ್ಳಿ ಎರಡನ್ನೂ ತನ್ನೊಳಗೆ ಎಳೆದುಕೊಂಡು ತಳದಲ್ಲಿ ಗುಂಡಾಗಿ ನಿಲ್ಲುತ್ತದೆ. ಆ ಗುಂಡನ್ನು ಮೂಳೆಬೂದಿಯ ಬಟ್ಟಲಿನಲ್ಲಿಟ್ಟು ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿಕೊಂಡು ಸಾಸಿವೆಗಿಂತ ಸಣ್ಣ ಮಣಿ ಉಳಿಯುತ್ತದೆ. ಮಣಿಯನ್ನು ತೂಗಿ, ನೈಟ್ರಿಕ್ ಆಮ್ಲದಲ್ಲಿ ಹಾಕಿದರೆ ಬೆಳ್ಳಿ ಕರಗುತ್ತದೆ, ಚಿನ್ನ ಉಳಿಯುತ್ತದೆ. ಎರಡು ತೂಕಗಳ ವ್ಯತ್ಯಾಸವೇ ಬೆಳ್ಳಿ.

ಇದರಲ್ಲೊಂದು ತೊಡಕಿದೆ. ಮಣಿಯಲ್ಲಿ ಚಿನ್ನಕ್ಕಿಂತ ಬೆಳ್ಳಿ ಮೂರು ಪಟ್ಟಾದರೂ ಇಲ್ಲದಿದ್ದರೆ ಆಮ್ಲ ಒಳಗೆ ಇಳಿಯುವುದಿಲ್ಲ. ಧಾರವಾಡ ಪಟ್ಟಿಯ ಅದಿರಿನ ಮಣಿಯಲ್ಲಿ ಬೆಳ್ಳಿ ಅಷ್ಟು ಎಲ್ಲಿಂದ ಬರಬೇಕು? ಪ್ರಯೋಗಾಲಯದವರೇ ಹೊರಗಿನಿಂದ ತೂಗಿದ ಬೆಳ್ಳಿ ಸೇರಿಸುತ್ತಾರೆ. ಹಾಗೆ ಸೇರಿಸಿದ ಮೇಲೆ ಕಲ್ಲಿನ ಸ್ವಂತ ಬೆಳ್ಳಿಯ ಲೆಕ್ಕ ಬೇಕಿದ್ದವರು ಬೇರೆ ಪರೀಕ್ಷೆ ಮಾಡಿಸಬೇಕು. ಚಿನ್ನವೊಂದೇ ಬೇಕಿದ್ದವರು ಮಾಡಿಸುವುದಿಲ್ಲ. ಪರೀಕ್ಷೆಯ ರೀತಿಯೇ ಬೆಳ್ಳಿಯನ್ನು ಮರೆಗೆ ಸರಿಸುತ್ತದೆ.

ಗಣಜೂರು, ಇಂಗಳದಾಳು ಮತ್ತು ರಾಜಸ್ಥಾನ

ಶಿವಮೊಗ್ಗ ಪಟ್ಟಿಯಲ್ಲಿ ಇತ್ತೀಚೆಗೆ ಹೆಚ್ಚು ಚರ್ಚೆಗೆ ಬಂದ ನೆಲೆ ಹಾವೇರಿ ತಾಲ್ಲೂಕಿನ ಗಣಜೂರು. 1997ರವರೆಗೆ ಇದು ಧಾರವಾಡ ಜಿಲ್ಲೆಯಲ್ಲೇ ಇತ್ತು. ಇಲ್ಲಿ ಚಿನ್ನವಿರುವುದು ಗ್ರೇವ್ಯಾಕ್ ನಡುವಿನ ಗಂಧಕಯುಕ್ತ ಚರ್ಟ್ ಪದರಿನಲ್ಲಿ, ಅಂದರೆ ಹುಬ್ಬಳ್ಳಿ, ಕಲಘಟಗಿ ಕಡೆಗೂ ಹಬ್ಬಿರುವ ಶಿಲಾಜೋಡಿಯಲ್ಲೇ. ಡೆಕ್ಕನ್ ಗೋಲ್ಡ್ ಮೈನ್ಸ್ ಇದನ್ನು ಕೊರೆದು ನೋಡಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2015ರ ಗಣಿ ಕಾಯ್ದೆಯ ತಿದ್ದುಪಡಿ ಖನಿಜಗಳಿಗೆ ಹರಾಜು ಪದ್ಧತಿ ತಂದಿತು. 2021ರ ತಿದ್ದುಪಡಿ ಹಳೆಯ ಪದ್ಧತಿಯಡಿ ಬಾಕಿ ಉಳಿದಿದ್ದ ಹಕ್ಕಿನ ಅರ್ಜಿಗಳನ್ನು ಕೊನೆಗೊಳಿಸಿತು.

ಚಿತ್ರದುರ್ಗದ ಇಂಗಳದಾಳಿನ ಕತೆ ಬೇರೆ. ಹಿಂದೆ ತಾಮ್ರದ ಗಣಿ ನಡೆದ ಇಲ್ಲಿ ಅದಿರು ಇರುವುದು ಹಳೆಯ ಲಾವಾ ಶಿಲೆಗಳಲ್ಲಿ. ತಾಮ್ರದ ಖನಿಜದೊಡನೆ ಸತು, ಸೀಸದ ಖನಿಜಗಳೂ ಅಲ್ಪಸ್ವಲ್ಪ ಬರುತ್ತವೆ. ಸಮುದ್ರದಡಿಯ ಜ್ವಾಲಾಮುಖಿಯ ಬಿಸಿನೀರಿನ ಬುಗ್ಗೆಗಳಲ್ಲಿ ಇದು ಹುಟ್ಟಿತೆಂಬುದು ಹಲವರ ಅಭಿಪ್ರಾಯ. ಬೆಳ್ಳಿಯ ದೃಷ್ಟಿಯಿಂದ ಇದು ಗಮನಿಸಬೇಕಾದ ವಿಷಯ. ಸಮುದ್ರದ ನೀರು ಉಪ್ಪುನೀರು, ಆದ್ದರಿಂದ ಬೆಳ್ಳಿಯನ್ನು ಹೊರಬಲ್ಲದು. ಧಾರವಾಡದಷ್ಟೇ ಪ್ರಾಚೀನವಾದ ಕೆನಡಾದ ಶಿಲಾಪಟ್ಟಿಯಲ್ಲಿ ಒಂಟಾರಿಯೊದ ಕಿಡ್ ಕ್ರೀಕ್ ಎಂಬಲ್ಲಿ 1963ರಲ್ಲಿ ಕೊರೆದಾಗ ಸಿಕ್ಕ ಇದೇ ಬಗೆಯ ನಿಕ್ಷೇಪ ತಾಮ್ರ, ಸತುವಿನ ಜೊತೆ ಬೆಳ್ಳಿಯನ್ನೂ ಭಾರಿ ಪ್ರಮಾಣದಲ್ಲಿ ಕೊಟ್ಟಿತು. ಹಾಗಾಗಿ ಶಿಲೆ ತೀರ ಹಳೆಯದು, ಅದಕ್ಕೇ ಬೆಳ್ಳಿ ಇಲ್ಲ ಎಂಬ ವಾದ ನಿಲ್ಲುವುದಿಲ್ಲ. ಕರ್ನಾಟಕದಲ್ಲಿ ಬೆಳ್ಳಿಯನ್ನು ಹುಡುಕಬೇಕಾದದ್ದು ಚಿನ್ನದ ಎಳೆಗಳಲ್ಲಲ್ಲ, ಲಾವಾ ಶಿಲೆಗಳ ತಾಮ್ರ-ಸತುವಿನ ಕುರುಹುಗಳಲ್ಲಿ. ಗ್ರೇವ್ಯಾಕ್ ಹೆಚ್ಚಿರುವ ದೇವಿಕೊಪ್ಪದ ಸೀಮೆಗಿಂತ ಚಿತ್ರದುರ್ಗದ ಕಡೆಗೆ ಈ ಅವಕಾಶ ಹೆಚ್ಚು.

ಸದ್ಯ ರಾಜ್ಯದಲ್ಲಿ ಬೆಳ್ಳಿ ಬರುವುದು ರಾಯಚೂರು ಜಿಲ್ಲೆಯ ಹಟ್ಟಿಯ ಚಿನ್ನದ ಉಪೋತ್ಪನ್ನವಾಗಿ, ಅದೂ ಅಲ್ಪ. 2001ರ ಫೆಬ್ರವರಿಯಲ್ಲಿ ಮುಚ್ಚಿದ ಕೋಲಾರದಲ್ಲೂ ಹಾಗೆಯೇ ಬರುತ್ತಿತ್ತು. ದೇಶದ ಬೆಳ್ಳಿಯ ಬಹುಪಾಲು ರಾಜಸ್ಥಾನದ ಸೀಸ-ಸತುವಿನ ಗಣಿಗಳದ್ದು. ಅವನ್ನು ನಡೆಸುವ ಹಿಂದೂಸ್ತಾನ್ ಜಿಂಕ್ ಕಂಪನಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ 700 ಟನ್ನಿನ ಆಸುಪಾಸಿನಲ್ಲಿ ಬೆಳ್ಳಿ ತೆಗೆಯುತ್ತಿದೆ. ಹೋಲಿಕೆಗೆ ನೋಡಿದರೆ, ಕೋಲಾರ 120 ವರ್ಷಗಳಲ್ಲಿ ಕೊಟ್ಟ ಒಟ್ಟು ಚಿನ್ನ ಸುಮಾರು 800 ಟನ್. ದಕ್ಷಿಣದಲ್ಲಿ ಬೆಳ್ಳಿಯ ಈ ಬಡತನ ಹಳೆಯದು. ದಕ್ಷಿಣದ ಅರಸರು ಹೊನ್ನು, ವರಹ, ಹಣಗಳನ್ನು ಚಿನ್ನದಲ್ಲೂ ಚಿಲ್ಲರೆಯನ್ನು ತಾಮ್ರದಲ್ಲೂ ಅಚ್ಚು ಹಾಕಿಸಿದರು. ವಿಜಯನಗರದಲ್ಲಿ ಬೆಳ್ಳಿಯದೆಂದರೆ ತಾರ ಎಂಬ ಪುಟ್ಟ ನಾಣ್ಯ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ದಿನಾರಿಗಳಂತೆ ಇಲ್ಲಿಗೆ ಬೆಳ್ಳಿ ಬಂದದ್ದು ಹೆಚ್ಚಾಗಿ ವ್ಯಾಪಾರದ ದಾರಿಯಲ್ಲಿ.

ಕಾನೂನು ಮತ್ತು ಕಾಡು

ಕಪ್ಪತಗುಡ್ಡದಲ್ಲಿ ಶೋಧನೆಯ ಮೇಲೆ ಇಂದು ಶಿಲೆಗಿಂತ ಹೆಚ್ಚು ಪ್ರಭಾವ ಬೀರುವುದು ಅರಣ್ಯದ ಸ್ಥಾನಮಾನ. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಬೆಟ್ಟಸಾಲನ್ನು 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿ, 2016ರ ನವೆಂಬರಿನಲ್ಲಿ ಆ ಸ್ಥಾನ ಹಿಂದಕ್ಕೆ ಪಡೆಯಲಾಯಿತು. ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು ಮೊದಲಾದವರ ಹೋರಾಟದ ನಂತರ 2017ರ ಏಪ್ರಿಲಿನಲ್ಲಿ ಅದು ಮರಳಿ ಬಂತು. 2019ರ ಮೇ ತಿಂಗಳಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಚಿನ್ನದ ಹಳೆಯ ನೆಲೆಗಳಲ್ಲಿ ಕೆಲವು ಇದರ ಒಳಗೂ ಅಂಚಿನಲ್ಲೂ ಇವೆ.

ಕುರುಹಿನಿಂದ ಗಣಿಯವರೆಗಿನ ದಾರಿಯನ್ನು ಈಗ ನಾಲ್ಕು ಹಂತಗಳಾಗಿ ಗುರುತಿಸುತ್ತಾರೆ. ಮೇಲ್ನೋಟದ ಸಮೀಕ್ಷೆ ಜಿ4, ವಿವರವಾದ ಶೋಧನೆ ಜಿ1. ಒಂದೆರಡು ಕಲ್ಲಿನಲ್ಲಿ ಲೋಹ ಸಿಕ್ಕಿತೆಂದರೆ ನಾವಿನ್ನೂ ಜಿ4ರಲ್ಲೇ ಇದ್ದೇವೆ. ಅಂಥ ಕುರುಹುಗಳಲ್ಲಿ ಬಹುಪಾಲು ಅಲ್ಲಿಂದ ಮುಂದಕ್ಕೆ ಹೋಗುವುದಿಲ್ಲ. 2023ರ ಆಗಸ್ಟಿನ ತಿದ್ದುಪಡಿ ಚಿನ್ನ, ಬೆಳ್ಳಿ, ತಾಮ್ರ, ಸತು, ಸೀಸ ಸೇರಿದಂತೆ 29 ಖನಿಜಗಳಿಗೆ ಶೋಧನಾ ಪರವಾನಗಿ ಎಂಬ ಹೊಸ ವ್ಯವಸ್ಥೆ ತಂದಿತು. ಬೆಳ್ಳಿಯ ಹೆಸರು ಆಳದ ಖನಿಜವಾಗಿ ಕಾಯ್ದೆಯ ಪಟ್ಟಿಯಲ್ಲಿ ಬಂದದ್ದು ಹೀಗೆ. ಈ ಪರವಾನಗಿ ಪಡೆದವರು ಹುಡುಕಬಹುದು, ಕೊರೆಯಬಹುದು. ಆದರೆ ಸಿಕ್ಕ ನೆಲೆಯ ಗಣಿ ಗುತ್ತಿಗೆ ಅವರಿಗೆ ತಾನಾಗಿ ಬರುವುದಿಲ್ಲ. ಸರ್ಕಾರ ಅದನ್ನು ಹರಾಜು ಹಾಕುತ್ತದೆ, ಹರಾಜಿನಲ್ಲಿ ಗೆದ್ದವರು ಕೊಡುವ ಪ್ರೀಮಿಯಂನಲ್ಲಿ ಒಂದು ಪಾಲು ಹುಡುಕಿದವರಿಗೆ ಸೇರುತ್ತದೆ.